ಅಮ್ಮನ ಕಿಟಕಿಯ ಕೊಳ

ಕ್ಷೌರಿಕನ ಹಿತ್ತಿಲಿನ ಪುಟ್ಟ ಕೊಳದಲ್ಲಿ ಆಕಾಶ ಕಾಣದೆ ಎಷ್ಟು ಕಾಲವಾಗಿತ್ತೋ! ಹಾಸಿಗೆ ಹಿಡಿದ ಅಮ್ಮನ ಕಣ್ಣಿಗೆ ತಂಪಾಗಲಿ ಎಂದು ಅವನೇ ಕೆರೆಯಿಂದ ಒಂದು ಹಿಡಿ ಜೊಂಡುಹುಲ್ಲು ತಂದು ಕೊಳದ ಕೆಸರಿಗೆ ನೆಟ್ಟಿದ್ದ. ಆ ಒಂದು ಹಿಡಿ ಈಗ ಕೊಳವನ್ನೇ ನುಂಗಿ ನೀರು ಕುಡಿದಿತ್ತು.

"ಮಗಾ, ನನ್ನ ಮೋಡಗಳೆಲ್ಲ ಎಲ್ಲಿಗೆ ಹೋದ್ವೋ?" ಎಂದು ಅಮ್ಮ ಆಗಾಗ ಕೇಳುತ್ತಿದ್ದಳು. ಕಿಟಕಿಯ ಮೇಲೆ ತಗ್ಗಿನ ಸೂರು. ಮಲಗಿದಲ್ಲಿಂದ ಅಮ್ಮನಿಗೆ ಕಾಣುತ್ತಿದ್ದದ್ದು ನೀರೊಳಗಿನ ಆಕಾಶ ಮಾತ್ರ.

ಅವನೂ ಸುಮ್ಮನಿರಲಿಲ್ಲ. ಕತ್ತರಿ ಹಿಡಿದು ಜೊಂಡಿಗೆ ಒಳ್ಳೆ ಕ್ರಾಪು ಹೊಡೆಯುತ್ತಿದ್ದ. ಹಾಳಾದ್ದು, ಇನ್ನಷ್ಟು ದಟ್ಟವಾಗಿ ಚಿಗುರುತ್ತಿತ್ತು.

ನರ್ಸರಿಯಲ್ಲಿ ಸಸಿ ಬೆಳೆಸುವ ಅಕ್ಕ ಬಂದಾಗ ಅವನು ಮಣ್ಣಿನ ರಾಶಿಯ ಪಕ್ಕ ಸಲಿಕೆ ಹಿಡಿದು ನಿಂತಿದ್ದ.

"ಈ ಕೊಳಾನೇ ಮುಚ್ಚಿಬಿಡ್ತೀನಕ್ಕ. ಸಾಕಾಗಿಹೋಯ್ತು."

"ಅಮ್ಮನ ಆಕಾಶಾನೂ ಮುಚ್ತೀಯೇನೋ?"

"ಎಷ್ಟು ಕತ್ತರಿಸಿದ್ರೂ ಬರುತ್ತಲ್ಲ!"

"ಲೋ, ಇದೇನು ನಿನ್ನ ಗಿರಾಕಿ ತಲೆನಾ? ಇದರ ಆಟ ಎಲ್ಲ ಬುಡದಲ್ಲಿ. ಬೇರು ಕೆಸರೊಳಗೇ ಹರಿದುಕೊಂಡು ಹೋಗುತ್ತೆ. ಕುಂಡದಲ್ಲಿ ನೆಡಬೇಕು."

"ನೀರಲ್ಲಿ ಕುಂಡಾನಾ? ಸರಿಹೋಯ್ತು!"

ನಕ್ಕರೂ ಅವನು ಅಕ್ಕನ ಜೊತೆ ನೀರಿಗಿಳಿದ. ಮೊಣಕಾಲುದ್ದ ಕೆಸರಲ್ಲಿ ಇಬ್ಬರೂ ಬೇರು ಕಿತ್ತರು. ಉಳಿಸಿಕೊಂಡ ಒಂದೇ ಬುಡವನ್ನು ತೂತಿಲ್ಲದ ಅಗಲ ಕುಂಡದಲ್ಲಿ ಜೇಡಿಮಣ್ಣು ಹಾಕಿ ನೆಟ್ಟರು. ಮಣ್ಣು ಕದಡದಂತೆ ಮೇಲೆ ಬೆಣಚುಕಲ್ಲು ಹರಡಿ, ಕುಂಡವನ್ನು ಕೊಳದ ಅಂಚಿನಲ್ಲಿ ಇಟ್ಟಿಗೆಯ ಮೇಲೆ ಕೂರಿಸಿದರು. ಮಣ್ಣಿನ ಮೇಲೆ ನಾಲ್ಕು ಬೆರಳು ನೀರು ನಿಂತಿತು.

"ಕಿತ್ತಿದ್ದನ್ನ ಕಾಲುವೆಗೆ ಎಸೆದು ಬರ್ಲಾ?"

"ಅಯ್ಯೋ ಬೇಡವೋ! ಅಲ್ಲೂ ಇದೇ ಗೋಳಾಗುತ್ತೆ. ಒಣಗಿಸಿ ಗೊಬ್ಬರದ ಗುಂಡಿಗೆ ಹಾಕು."

"ಸೊಳ್ಳೆ ಆದ್ರೆ?"

"ಸಣ್ಣ ಮೀನು ಬಿಡು. ಮರಿ ಹುಳುವನ್ನೆಲ್ಲ ಅವೇ ತಿಂದುಹಾಕ್ತವೆ."

ಕದಡಿದ ನೀರು ನಿಧಾನಕ್ಕೆ ತಿಳಿಯಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಬಂದ ಮಗನನ್ನು ನೋಡಿ ಅಮ್ಮ ತನ್ನ ತುಟಿಯ ಮೇಲೆ ಬೆರಳಿಟ್ಟಳು. "ಶ್, ಮೆಲ್ಲಗೆ ಬಾರೋ. ಮೋಡ ಬಂದಿದೆ."

ನೀರಿನಲ್ಲಿ ಬಿಳಿ ಮೋಡವೊಂದು ನಿದ್ದೆಗಣ್ಣಿನಲ್ಲಿ ನಡೆಯುವಂತೆ ಸಾಗುತ್ತಿತ್ತು. ಜೊಂಡಿನ ಕಂದು ತೆನೆಯ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ರೆಕ್ಕೆ ಚಾಚಿ ಕೂತಿತ್ತು. ಅವನು ಊಟ ಮರೆತು ಅಮ್ಮನ ಕಾಲ ಬಳಿ ಕುಳಿತ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

ನಿಮ್ಮ ಮನೆಯಲ್ಲೂ ಕೊಳವೋ ತೊಟ್ಟಿಯೋ ಇದ್ದರೆ ಜೊಂಡು ಬೆಳೆಸಿ, ಖಂಡಿತ ಬೆಳೆಸಿ. ಆದರೆ ಕುಂಡದಲ್ಲೇ ಬೆಳೆಸಿ. ವರ್ಷಕ್ಕೊಮ್ಮೆ ಎತ್ತಿ, ಬುಡ ಸೀಳಿ, ಅರ್ಧ ತೆಗೆದುಹಾಕಿ. ನೀರಿಗೂ ಒಂದಿಷ್ಟು ಜಾಗ ಬಿಡಿ. ನಿಮ್ಮ ಮನೆಯ ಕಿಟಕಿಯಲ್ಲೂ ಯಾರೋ ಮೋಡಕ್ಕಾಗಿ ಕಾಯುತ್ತಿರಬಹುದು.