ಮೂಲೆಮನೆಯ ಬಾಡಿಗೆ

ಆ ಭಾನುವಾರ ಬೆಳಿಗ್ಗೆ ವರ್ತೂರಿನ ವೆಂಕಟೇಶಪ್ಪ ಮಿಂದು, ಹಣೆಗೆ ಕುಂಕುಮವಿಟ್ಟು, ಸೊಸೆಯ ಲ್ಯಾಪ್‌ಟಾಪಿನ ಮುಂದೆ ಕೂತರು. ಇಷ್ಟು ವರ್ಷ ಆಡಿಟರು ತೋರಿಸಿದ ಕಡೆ ಸಹಿ ಹಾಕಿದ್ದೇ ಅವರ ಇನ್‌ಕಮ್ ಟ್ಯಾಕ್ಸು. ಆ ಪುಣ್ಯಾತ್ಮ ಕೆಲಸ ನಿಲ್ಲಿಸಿ ಮಗಳ ಮನೆ ಸೇರಿದ ಮೇಲೆ, ನನ್ನ ಬಾಡಿಗೆ ಮನೆಗಳ ಲೆಕ್ಕ ನಾನೇ ಬರೆಯುತ್ತೇನೆ ಎಂದು ಹಟ ಹಿಡಿದಿದ್ದರು.

ಪೈರು ನಾಟಿ ಮಾಡುವವರ ಹಾಗೆ ಜೋಪಾನವಾಗಿ, ಒಂದೇ ಬೆರಳಿನಲ್ಲಿ ಅಂಕಿಗಳನ್ನು ಒತ್ತುತ್ತಿದ್ದರು. ಸೊಸೆ ದಿವ್ಯಾ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ರಿಪೇರಿಗೆ ಅಂತ ನೂರಕ್ಕೆ ಮೂವತ್ತು ಟ್ಯಾಕ್ಸಿನವ್ರೇ ಕಳೀತಾರೆ ಮಾವ. ಬಿಲ್ಲು ಹುಡುಕ್ಬೇಡಿ."

"ರಿಪೇರಿ ಮಾಡಿಸ್ದಿದ್ರೂವೆ?"

"ಮಾಡಿಸ್ದಿದ್ರೂ."

"ಬಾಡಿಗೆಯೋರ್ಗೆ ಯೋಳ್ಬುಟ್ಟೀಯ ಕಣಮ್ಮ! ನಾಳೇನೇ ನಲ್ಲಿ ಸೋರ್ತದೆ ಅಂತ ಬತ್ತಾರೆ."

ದಿವ್ಯಾ ನಗುತ್ತಲೇ ಪರದೆಯ ಸಾಲುಗಳ ಮೇಲೆ ಬೆರಳಾಡಿಸಿದಳು. "ಮೂಲೆಮನೆ ಬಿಟ್ಟಿದ್ದೀರಲ್ಲ? ಯಮುನಾ ಮೇಡಂ ಇರೋದು."

"ಅದು ನಂದಲ್ಲ. ಮುನೇಶ್ವರಂದು."

"ದುಡ್ಡು ನಿಮ್ಮ ಅಕೌಂಟಿಗೇ ಬರುತ್ತಲ್ವಾ?"

"ಬಂದ ದಿನಾನೇ ಗುಡಿ ಹುಂಡೀಗಾಕ್ತೀನಿ. ಒಂದು ಕಾಸು ಮುಟ್ಟಾಕಿಲ್ಲ."

"ರಸೀದಿ?"

"ಮುನೇಶ್ವರ ರಸೀದಿ ಬರ್ದುಕೊಡ್ತಾನಾ?"

"ಆದ್ರೂ ಬಿಟ್ರೆ ಸುಳ್ಳು ಬರೆದ ಹಾಗಾಗುತ್ತೆ ಮಾವ."

ವೆಂಕಟೇಶಪ್ಪ ಕೈ ಹಿಂದಕ್ಕೆಳೆದುಕೊಂಡರು. ಸಾಲುಮನೆಗಳು ಎದ್ದು ನಿಂತ ಜಾಗ ಒಂದು ಕಾಲಕ್ಕೆ ಅವರ ರಾಗಿ ಕಣ. ಬುನಾದಿ ತೋಡಿದ ದಿನ ಅವ್ವ ಚಿಕ್ಕಮುನಿಯಮ್ಮ ಅಲ್ಲಿ ನಿಂತು, "ಕಣ ಓದ್ರೆ ಓಗ್ಲಿ, ದೇವ್ರ ಕೊಳಗ ಓಗ್ಬಾರ್ದು ಕಣಪ್ಪ" ಎಂದಿದ್ದಳು. ಆಗ ಇವರು ಮೂಲೆಮನೆಯ ಬಾಡಿಗೆ ಮುನೇಶ್ವರನಿಗೆ ಎಂದು ಮಣ್ಣು ಮುಟ್ಟಿ ಮಾತು ಕೊಟ್ಟಿದ್ದರು. ಈಗ ಅದನ್ನು ನನ್ನ ಆದಾಯ ಎಂದು ಬರೆದರೆ ದೇವರ ಪಾಲಿಗೆ ಕೈ ಹಾಕಿದಂತೆ, ಬರೆಯದಿದ್ದರೆ ಸುಳ್ಳು. ಹೊರಗೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವ್ವನಿಗೆ ಕೇಳಿಸಿತೋ ಏನೋ ಎಂದು ಅಳುಕಿದರು.

ಕಣ್ಣು ಮುಚ್ಚಿದರೆ ಕಣವೇ ಬಂತು. ಸುಗ್ಗಿಯ ಚಳಿ, ಎಳೆ ಬಿಸಿಲು, ಕೆರೆಯ ಕಡೆಯಿಂದ ಬರುವ ತಣ್ಣನೆ ಗಾಳಿ. ತೂರಿ ಗುಡ್ಡೆ ಮಾಡಿದ ಕೆಂಪು ರಾಶಿ, ಅದರ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿ ಬೆನಕ. ಅಪ್ಪ ದೊಡ್ಡಮುನಿಯಪ್ಪ ಮೂಡಲಿಗೆ ಮುಖ ಮಾಡಿ ರಾಗಿ ಅಳೆಯಲು ಕೊಳಗ ತುಂಬುವಾಗ ಯಾರೂ ಉಸಿರೆತ್ತುವಂತಿಲ್ಲ. ಮೊದಲ ಕೊಳಗಕ್ಕೆ ಅಪ್ಪ ಒಂದು ಎನ್ನುತ್ತಿರಲಿಲ್ಲ. "ಲಾಭಾ..." ಎಂದು ಪದ ಹಾಡಿದಂತೆ ಎಳೆಯುತ್ತಿದ್ದ. ಅದು ದೇವರದು. ಆಮೇಲೆ...

ವೆಂಕಟೇಶಪ್ಪ ತಟ್ಟನೆ ಎದ್ದು ಬಾಗಿಲಿಗೆ ಬಂದರು.

"ಅವ್ವ, ದೇವ್ರ ಕೊಳಗ ಅಳೆದ್ಮೇಲೆ ಮುಂದಿನ್ದುಕ್ಕೆ ಅಪ್ಪ ಏನಂತಿದ್ದ?"

"ಎರಡು ಅಂತಿದ್ದ."

"ಒಂದು ಅಂತ ಇರ್ನಿಲ್ವಾ?"

"ದೇವ್ರುದ್ನ ಎಣಿಸ್ದೆ ಬುಡಾಕಾಯ್ತದಾ? ನಮ್ಮ ರಾಶೀಲಿದ್ರೆ ತಾನೆ ಕೊಡಾದು. ಬೆಳಿಗ್ಗೆ ಬೆಳಿಗ್ಗೆ ಇದೇನ್ಲಾ ನಿಂದು?"

"ಮೂಲೆಮನೆ ಬಾಡಿಗೇನ ನಮ್ಮ ಲೆಕ್ಕದಲ್ಲಿ ಬರೀಬೇಕಂತೆ ಅವ್ವ. ಅದುರ್ ಮೇಲೂ ತೆರಿಗೆ ಬೀಳ್ತದೆ."

ಮುದುಕಿಯ ಕೈ ಸೊಪ್ಪಿನ ಮೇಲೇ ನಿಂತಿತು. "ತೆರಿಗೇನ ಅವ್ನ ಪಾಲಲ್ಲಿ ಇಡ್ಕೋತೀಯಾ?"

"ಇಲ್ಲವ್ವ. ಅದು ನಮ್ಮ ಪಾಲ್ನಾಗೆ."

"ಮತ್ತೆ ಬರಿ ಓಗು."

ವೆಂಕಟೇಶಪ್ಪ ಒಳಗೆ ಬಂದು ಅದುವರೆಗೆ ಬರೆದದ್ದನ್ನೆಲ್ಲ ಅಳಿಸಿಬಿಟ್ಟರು.

"ಅಯ್ಯೋ ಮಾವ, ಅದೊಂದು ಸೇರಿಸಿದ್ರೆ ಸಾಕಾಗಿತ್ತು!"

"ಅಂಗಲ್ಲಮ್ಮ. ಅದು ಮೊದಲು ಬರ್ಬೇಕು."

ಲ್ಯಾಪ್‌ಟಾಪು ತಿರುಗಿಸಿಕೊಂಡು ಮೂಡಲಿಗೆ ಮುಖ ಮಾಡಿ ಕೂತು, ಮೂಲೆಮನೆಯ ಬಾಡಿಗೆಯನ್ನು ಮೇಲಿನ ಸಾಲಿನಲ್ಲಿ ಒತ್ತಿದರು. ತಮಗೇ ತಿಳಿಯದಂತೆ ಬಾಯಿಂದ ಹೊರಟಿತು, "ಲಾಭಾ..."

ದಿವ್ಯಾ ಏನೆಂದು ಕೇಳುವ ಮೊದಲೇ ಜಗಲಿಯಿಂದ, ಅಪ್ಪನ ಅದೇ ಎಳೆತದಲ್ಲಿ, ನಡುಗುವ ದನಿಯೊಂದು ಕೂಡಿಕೊಂಡಿತು.

"ಎರಡೂ..."