ಎಡಗೈಗೊಂದು ಕಾಲುಚೀಲ

ಗೌರಾಬಾಯಿ ಮೊಮ್ಮಗಳ ಎಡಗೈಗೆ ಕಾಲುಚೀಲ ತೊಡಿಸಿ, ಜಾರದಂತೆ ಮಣಿಕಟ್ಟಿಗೆ ರಿಬ್ಬನ್ ಕಟ್ಟಿದಳು. ಆಮೇಲೆ ಹಾಲಲ್ಲಿ ನೆನೆದ ರೊಟ್ಟಿಯ ತುಣುಕುಗಳನ್ನು ತಟ್ಟೆಯಲ್ಲಿ ಮುಂದಿಟ್ಟಳು.

"ಉಣ್ಣು ನಮ್ಮವ್ವ. ಈಗ ಬಲಗೈಲೆ ಉಣ್ಣು."

ವರ್ಷ ತುಂಬಿದ ಹರ್ಷಾ ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದಳು. ಪುಣೆಯ ಧನಕವಡಿಯ ಆ ಎರಡು ಕೋಣೆಯ ಮನೆಯಲ್ಲಿ ವಾರದಿಂದ ಇದೇ ಮಾತು. ಮಕ್ಕಳ ಡಾಕ್ಟರು "ಎಡಚಿ ಇರಬೇಕು, ಬಿಡಿ" ಎಂದು ನಕ್ಕು ಕಳಿಸಿದ್ದರು. ಲಸಿಕೆಗೆ ಹೋದಲ್ಲಿ ಸಿಕ್ಕ ಫಿಸಿಯೋಥೆರಪಿಸ್ಟ್ ಹುಡುಗಿ ನಗಲಿಲ್ಲ. "ಈ ವಯಸ್ಸಿನಲ್ಲಿ ಎರಡೂ ಕೈ ಆಡಬೇಕು. ಒಂದೇ ಆಡಿದರೆ ಇನ್ನೊಂದಕ್ಕೆ ಏನಾಗಿದೆ ನೋಡಬೇಕು. ತಡ ಮಾಡಬೇಡಿ" ಎಂದಿದ್ದಳು.

"ಆ ಹುಡುಗಿ ನಿನ್ನಿ ಕಾಲೇಜ್ ಬಿಟ್ಟಾಕಿ," ಎಂದ ಗೌರಾಬಾಯಿಯ ಮಗ ಸಂಜು, ಆಫೀಸಿಗೆ ಹೊರಡುತ್ತ. "ಡಾಕ್ಟರ್ ಏನೂ ಇಲ್ಲಂದ್ರು. ಮುಗೀತು."

"ನಿಮಗ ಬೇಕಾದ್ದು ಹೇಳಿದ್ರು, ಅದಕ್ಕ ಅವರು ಶ್ಯಾಣ್ಯಾರು," ಶೈಲಶ್ರೀ ಗಂಡನ ಡಬ್ಬಿಯ ಮುಚ್ಚಳ ಒತ್ತುತ್ತ ಅಂದಳು. "ಒಂದು ಟೆಸ್ಟ್ ಮಾಡ್ಸಿದ್ರ ಏನು ಹೋಗ್ತದ?"

"ಏನರ ಸಿಕ್ಕರ?"

"ಇಬ್ಬರೂ ಸುಮ್ಮನಿರ್ರಿ," ಅಂದಳು ಗೌರಾಬಾಯಿ. "ಹಟ ಅದ ಇಕಿಗಿ, ಅಷ್ಟ. ಹಸಿವಾದ್ರ ಬಲಗೈ ತಾನ ಬರ್ತದ."

ಹರ್ಷಾಳಿಗೆ ಹಸಿವಾಗಿತ್ತು. ಚೀಲ ತೊಟ್ಟ ಕೈ ತಟ್ಟೆಗೆ ಬಡಿದು ಜಾರಿತು. ಬಲಗೈ ಮಡಿಲಲ್ಲೇ ಇತ್ತು. ಅದು ತನ್ನದಲ್ಲವೆಂಬಂತೆ ಮಗು ಅದರತ್ತ ನೋಡಲೂ ಇಲ್ಲ. ಅಳಲೂ ಇಲ್ಲ. ಮುಂದಕ್ಕೆ ಬಾಗಿ, ತಟ್ಟೆಗೇ ಬಾಯಿ ಹಾಕಿ ಒಂದು ತುಣುಕು ಎತ್ತಿಕೊಂಡಳು.

ಶೈಲಶ್ರೀ ಡಬ್ಬಿ ಕೆಳಗಿಟ್ಟಳು.

ಗೌರಾಬಾಯಿ ಮಗುವಿನ ಬಲಮುಷ್ಟಿ ಬಿಡಿಸಿದಳು. ಬೆರಳುಗಳು ಬಿಗಿಯಾಗಿ, ಒಂದೊಂದೇ ತೆರೆದವು. ಹೆಬ್ಬೆರಳು ಒಳಗೆ ಮಡಚಿಕೊಂಡಿತ್ತು. ಅಂಗೈ ಗೆರೆಗಳಲ್ಲಿ ಬೆವರು, ದುಪ್ಪಟಿಯ ನೂಲಿನ ಎಳೆಗಳು. ಕೂಸಿಗೆ ಎರೆಯುವವಳು ತಾನೇ. ಈ ಮುಷ್ಟಿಯನ್ನು ದಿನಾ ಬಿಡಿಸಿ ತೊಳೆದಿದ್ದಳು, ಎಲ್ಲ ಕೂಸುಗಳೂ ಹೀಗೇ ಎಂದುಕೊಂಡು.

ರಿಬ್ಬನ್ನಿನ ಗಂಟು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ಸಂಜು, ಡಾಕ್ಟರ್ ಈ ಕೈ ಮುಟ್ಟಿ ನೋಡಿದ್ರೇನು?"

ಸಂಜು ಮೆಟ್ಟಿದ ಬೂಟು ಕಳಚಿ ಒಳಗೆ ಬಂದ. "ಕೂಸಿಗಿ ನಿದ್ದಿ ಹತ್ತಿತ್ತು. ಎಡಗೈ ಮುಂದ ಮಾಡ್ತಾಳಂತ ನಾನ ಬಾಯಿಲೆ ಹೇಳಿದ್ನಿ."

"ಹಂಗಾರ ಅವರಿಗೆ ನಾವು ತೋರಿಸೇ ಇಲ್ಲ. ನಡಿ."

"ಕಾಯ್ ಆಜಿ, ನಮ್ಮ ಎಡಚಿ ಹೇಗಿದ್ದಾಳೆ?" ದವಾಖಾನೆಯಲ್ಲಿ ಡಾಕ್ಟರು ಅಜ್ಜಿಯನ್ನು ಮರಾಠಿಯಲ್ಲಿ ತಮಾಷೆಯಾಗಿ ಮಾತಾಡಿಸಿದರು. ಗೌರಾಬಾಯಿ ಮೇಜಿನ ಮೇಲೆ, ಮಗುವಿನ ಬಲಕ್ಕೆ, ಚುರುಮುರಿ ಇಟ್ಟಳು. ಹರ್ಷಾ ಇಡೀ ಮೈ ತಿರುಗಿಸಿ ಎಡಗೈಯನ್ನೇ ಅಷ್ಟು ದೂರ ತಂದಳು.

ಡಾಕ್ಟರರ ನಗು ನಿಂತಿತು. ಎದ್ದು ಬಂದು ಎರಡೂ ಮಣಿಕಟ್ಟು ಮಡಚಿ ನೋಡಿದರು, ಮತ್ತೊಮ್ಮೆ ನೋಡಿದರು.

"ಆ ಹುಡುಗಿಯ ನಂಬರ್ ಇದೆಯಾ?" ಎಂದು ಶೈಲಶ್ರೀಯನ್ನು ಕೇಳಿದರು. "ಆಕೆ ಹೇಳಿದ್ದು ಸರಿ. ಅವತ್ತು ನಾನು ಎಬ್ಬಿಸಿ ನೋಡಬೇಕಿತ್ತು. ಪರೀಕ್ಷೆಗೆ ನಾನು ಬರೆದುಕೊಡುತ್ತೇನೆ, ವ್ಯಾಯಾಮ ಆಕೆ ಹೇಳಲಿ."

"ಸರಿಹೋಗ್ತದಲ್ಲ, ಸರ್?" ಸಂಜು ಕೇಳಿದ.

"ಕಾರಣ ತಿಳಿಯಲಿ. ಬೇಗ ಬಂದಿದ್ದೀರಿ. ಈಗ ಅಷ್ಟು ಮಾತ್ರ ಹೇಳಬಲ್ಲೆ."

ಹೊರಗೆ ರಿಕ್ಷಾ ಕಾಯುತ್ತ ನಿಂತಾಗ ಗೌರಾಬಾಯಿ ಕೈಚೀಲದಿಂದ ಆ ಕಾಲುಚೀಲ ತೆಗೆದು ಹರ್ಷಾಳ ಬರಿಗಾಲಿಗೆ ತೊಡಿಸಿದಳು. ಆಮೇಲೆ ಬಲಮುಷ್ಟಿಯೊಳಗೆ ಮೆಲ್ಲನೆ ತನ್ನ ಬೆರಳು ತೂರಿಸಿದಳು. ಹರ್ಷಾ ಹಿಡಿದಳೋ, ಮುಷ್ಟಿ ಸುಮ್ಮನೆ ಮುಚ್ಚಿಕೊಂಡಿತೋ ತಿಳಿಯಲಿಲ್ಲ. ರಿಕ್ಷಾ ಬಂತು. ಬೆರಳು ತೆಗೆಯದೆಯೇ ಅವಳು ಹತ್ತಿ ಕುಳಿತಳು.