ಪಡಸಾಲೆ ಇರುವ ಮನೆ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಗ್ರಾಂಟ್ ರೋಡಿನ ಪಾತ್ರೆ ಅಂಗಡಿಯ ಆಳು ತಕ್ಕಡಿ ಹೊತ್ತುಕೊಂಡು ವಡಾಲದ ಚಾಳಿನ ಎರಡನೆಯ ಮಾಳಿಗೆಗೆ ಬಂದ. ಕಾಶವ್ವನ ಗಂಡ ಈರಣ್ಣ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ.

ಕಾಶವ್ವ ಆಗ ಜೋಳದ ಹಿಟ್ಟಿನ ಡಬ್ಬಿ ಎತ್ತಿಕೊಂಡು ಗಿರಣಿಯಿಂದ ಮರಳುತ್ತಿದ್ದಳು. ಮೆಟ್ಟಿಲ ತಿರುವಿನಲ್ಲಿ ಆ ಆಳು ಎದುರಾದ. ಅವನನ್ನು ಕರೆಸಿದವಳು ಅವಳೇ. ಹಿತ್ತಾಳೆಯ ಇಪ್ಪತ್ತು ತಾಟು, ಎರಡು ದೊಡ್ಡ ಪರಾತ, ತಾಮ್ರದ ಹಂಡೆ ತೂಕಕ್ಕೆ ಹೋಗಬೇಕಿತ್ತು.

"ಕ್ಯಾ ಹುವಾ? ವಜನ್ ನಹೀ ಕಿಯಾ?"

"ಸೇಠ್ ಬೋಲಾ, ಬೇಚನೇಕಾ ನಹೀ. ಮೇರಾ ಆನೇಜಾನೇಕಾ ಕಿರಾಯಾ ಕೌನ್ ದೇಗಾ, ಬಾಯಿ?"

ಹೋಗಿಬಂದ ಖರ್ಚಿಗೆಂದು ಕಾಶವ್ವ ಸಂಚಿಯಿಂದ ಒಂದು ರೂಪಾಯಿ ತೆಗೆದು ಅವನ ಕೈಗಿಟ್ಟಳು. ಮೇಲೆ ಬಂದಾಗ ಈರಣ್ಣ ಮಂಚದ ಮೇಲೆ ಕೂತು, ಆಫೀಸಿನ ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ.

"ಯಾಕ ಕಳಿಸಿದ್ರಿ ಅವನ್ನ?"

"ಭಾವ ಹೊಂದಲಿಲ್ಲ."

"ತೂಕಾನ ಮಾಡಿಲ್ಲ, ಭಾವ ಎಲ್ಲಿಂದ ಬಂತು?"

"ಮುಂಜಾನೆದ್ದು ಜಗಳ ತಗೀಬ್ಯಾಡ. ಹಿಟ್ಟು ಇಳಿಸು," ಎಂದ ಈರಣ್ಣ ತಲೆ ಎತ್ತದೆ.

ಅವಳು ಡಬ್ಬಿಯನ್ನು ಎಡಗೈಯಿಂದಲೇ ಇಳಿಸಿದಳು. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಈ ಮನೆಯಲ್ಲೇ ಖಾನಾವಳಿ ನಡೆಸಿ, ದಿನಕ್ಕೆ ನೂರೈವತ್ತು ರೊಟ್ಟಿಯಂತೆ ಒಂಬತ್ತು ವರ್ಷ ಬಡಿದ ಕೈ. ಒಂದು ವರ್ಷದಿಂದ ಅವಳ ತಲೆ ಬಾಚಿ ತುರುಬು ಕಟ್ಟುತ್ತಿದ್ದವಳು ಪಕ್ಕದ ಖೋಲಿಯ ಭಾಗವ್ವ. ಆಸ್ಪತ್ರೆಯ ಡಾಕ್ಟರು ಔಷಧಿ ಬರೆಯುವ ಮೊದಲು, ಈ ಕೆಲಸ ಬಿಡು ಎಂದಿದ್ದರು.

ಈರಣ್ಣ ಘಾಟ್ಕೋಪರಿನ ಪೈಪು ಕಂಪನಿಯೊಂದರ ಗೋದಾಮಿನಲ್ಲಿ ಗುಮಾಸ್ತ. ಕಂಪನಿ ಹುಬ್ಬಳ್ಳಿಯಲ್ಲಿ ಹೊಸ ಗೋದಾಮು ತೆರೆಯುತ್ತಿತ್ತು. ಅಲ್ಲಿಗೆ ಹೋಗುವವರಿಗೆ ತಿಂಗಳ ಸಂಬಳದಲ್ಲಿ ನಲವತ್ತು ರೂಪಾಯಿ ಹೆಚ್ಚು, ಒಟ್ಟು ಮುನ್ನೂರ ನಲವತ್ತು. ಮಾರ್ಚ್ ಒಂದರಂದು ಹಾಜರಾಗಬೇಕು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಆಗ ಮೂರು ತಿಂಗಳಾಗಿತ್ತು. ಆಫೀಸಿನವರು ಇನ್ನೂ "ಮೈಸೂರಿಗೆ ಹೊಂಟ ಈರಣ್ಣ" ಎಂದೇ ಚೇಷ್ಟೆ ಮಾಡುತ್ತಿದ್ದರು. ಜನವರಿಯಲ್ಲಿ ಈ ಮಾತು ಬಂದಾಗ ಕಾಶವ್ವ ಮೂರನೆಯ ದಿನ ಹೂಂ ಅಂದಿದ್ದಳು. ಒಂದೇ ಕರಾರು: ಹುಬ್ಬಳ್ಳಿಯಲ್ಲಿ ಖಾನಾವಳಿ ಇಲ್ಲ. ಒಲೆ ಹೊತ್ತುವುದು ಇಬ್ಬರಿಗಾಗಿ ಮಾತ್ರ. ಈರಣ್ಣ ಆಗಲಿ ಎಂದಿದ್ದ, ಲಿಂಗ ಮುಟ್ಟಿ.

"ಕೇಳಿಲ್ಲಿ," ಎಂದು ಅವನು ಹಾಳೆ ಎತ್ತಿದ. "ಬೆಳಗಾಂವಿಯಿಂದ ಕಾಯಿಪಲ್ಲೆ ತರೋ ಲಾರಿ ಖಾಲಿ ಹೊಳ್ಳಿ ಹೋಗ್ತಾವಲ್ಲ, ಅದರಾಗ ಹುಬ್ಬಳ್ಳಿತನಕ ಇನ್ನೂರೈವತ್ತು. ಹಮಾಲಿ, ಜಕಾತಿ ಸೇರಿ ಐವತ್ತು. ನಮ್ಮ ಟಿಕೀಟು ಬ್ಯಾರೆ. ಮುಂದ ತಿಂಗಳಾ ತಿಂಗಳಾ ಮನಿ ಬಾಡಿಗಿ ಎಂಬತ್ತು, ದೀಪ ನೀರು ಹತ್ತು, ಊಟಕ್ಕ ಅರವತ್ತು…"

"ಊಟಕ್ಕ ಅರವತ್ತು?"

"ಇಬ್ರ ಅಲ್ಲೇನು? ಎಷ್ಟ ತಿಂತೀವಿ?"

ಕಾಶವ್ವ ಪರಾತಕ್ಕೆ ಹಿಟ್ಟು ಸುರಿಯುತ್ತಿದ್ದವಳು ನಿಂತಳು. ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಖಾನಾವಳಿ ಮನೆಯಲ್ಲಿ ಮನೆಮಂದಿಯ ಊಟಕ್ಕೆಂದು ಬೇರೆ ಖರ್ಚು ಇರುವುದಿಲ್ಲ. ಹತ್ತೊಂಬತ್ತು ಮಂದಿಗೆ ಬೆಂದದ್ದರಲ್ಲಿ ಇಬ್ಬರದು ಆಗಿಹೋಗುತ್ತದೆ. ಒಂಬತ್ತು ವರ್ಷ ಈರಣ್ಣ ಜೋಳ, ಎಣ್ಣೆ, ಬೇಳೆ ಯಾವುದಕ್ಕೂ ಕೈಯಿಂದ ದುಡ್ಡು ಕೊಟ್ಟವನಲ್ಲ. ಎಣ್ಣೆಯ ಈಗಿನ ಧಾರಣೆ ಅವನನ್ನು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

"ಒಂದ ಕಿಲೋ ಎಣ್ಣಿ ಎಷ್ಟೈತಿ ಹೇಳ್ರಿ."

"ಐದೋ… ಐದೂವರಿನೋ."

"ಒಂಬತ್ತು ದಾಟೇತಿ. ಸೀಮಿ ಎಣ್ಣಿ ಸಿಗೂದ ಇಲ್ಲ. ನೂರೈವತ್ತಿಲ್ಲದ ಇಬ್ರ ಹೊಟ್ಟಿ ತುಂಬೂದಿಲ್ಲ."

ಈರಣ್ಣ ಪೆನ್ನು ತೆರೆದ, ಏನೂ ಬರೆಯಲಿಲ್ಲ, ಮುಚ್ಚಿದ. "ಮತ್ತ ನೋಡೂಣು," ಎಂದ.

"ಮನಿ ಬಾಡಿಗಿ ಎಂಬತ್ತು ಯಾಕ? ಇಬ್ರಿಗೆ ಅಷ್ಟ ದೊಡ್ಡ ಮನಿ ಏನ ಮಾಡೂದೈತಿ?"

"ಚೊಲೊ ಮನಿ. ಮುಂದ ದೊಡ್ಡ ಪಡಸಾಲಿ ಐತಿ. ಮಗಳು ಅಳಿಯಾ ಬಂದ್ರ ಎಲ್ಲಿ ಕೂಡ್ತಾರ? ಬರೋರು ಹೋಗೋರು ಇರತಾರಲ್ಲ."

ಈ ಮನೆಯನ್ನು ಅವನೊಬ್ಬನೇ ಹದಿನೈದು ದಿನದ ಹಿಂದೆ ಹೋಗಿ ನೋಡಿ ಗೊತ್ತುಮಾಡಿ ಬಂದಿದ್ದ. ಪಡಸಾಲೆಯ ಸಂಗತಿ ಕಾಶವ್ವ ಕೇಳಿದ್ದು ಈಗಲೇ. ಅವಳು ಹಿಟ್ಟಿಗೆ ಬಿಸಿನೀರು ಹಾಕಿದಳು. ಹನ್ನೆರಡಕ್ಕೆ ಮೊದಲ ಪಂಗತಿ ಕೂಡುವುದಿತ್ತು.

ಉಣ್ಣುವವರೆಲ್ಲ ಬಿಜಾಪುರ ಕಡೆಯವರು. ಹೆಚ್ಚಿನವರು ಗೋದಿಯಲ್ಲಿ, ಅಂದರೆ ಹಡಗುಗಳ ಮಾಲು ಇಳಿಸುವಲ್ಲಿ, ದುಡಿಯುವವರು. ಚಂದ್ರಾಮ ಅವರಲ್ಲಿ ಹಿರಿಯ, ಖಾನಾವಳಿ ತೆರೆದ ಮೊದಲ ತಿಂಗಳಿನಿಂದ ಊಟಕ್ಕೆ ಬರುತ್ತಿದ್ದವನು. ಕೈ ತೊಳೆದು ಬಂದವನೇ ಗೋಡೆಗೆ ಒರಗಿ ಕೂತ.

"ಈರಣ್ಣಾರ, ಹುಬ್ಬಳ್ಳಾಗ ಲೋಕಲ್ ಇಲ್ಲಂತ. ಲೇಟಾದ್ರ ಯಾರ ಮ್ಯಾಲ ಹಾಕ್ತೀರಿ?"

"ಟಾಂಗಾದ ಕುದರಿ ಮ್ಯಾಲ ಹಾಕ್ತಾರ," ಎಂದ ಇನ್ನೊಬ್ಬ. ಪಂಗತಿ ನಕ್ಕಿತು. ಬಾಗಿಲ ಬಳಿ ಕೂತಿದ್ದ ಈರಣ್ಣನೂ ನಕ್ಕ.

"ನಗ್ರಿ ನಗ್ರಿ. ಬರೋ ತಿಂಗಳ ಎಲ್ಲೆರ ಹೋಟೆಲಿನ್ಯಾಗ ಹಿಟ್ಟಿನ ಅಂಟು ತಿನ್ನುವಾಗ ಅಕ್ಕಾರ ನೆನಪಾಗ್ತಾರ," ಎಂದ ಚಂದ್ರಾಮ. ಕಾಶವ್ವ ಅವನ ತಾಟಿಗೆ ರೊಟ್ಟಿ ಹಾಕಿದಳು. "ನಮ್ಮ ಪುಣ್ಯೇವು ತೀರ್ತು. ನಮ್ಮ ಅಳಿಯಂದು ಚಾಲೂ ಆತು. ನಿಂಗಣ್ಣ, ನನ್ನ ತಂಗಿ ಮಗ, ಹುಬ್ಬಳ್ಳಿ ವರ್ಕ್‌ಶಾಪಿನ್ಯಾಗ ಅದಾನಲ್ಲ, ಮೊನ್ನಿ ಬಂದಿದ್ದ. ಅವನೂ, ಅವನ ಖೋಲಿಯಾಗಿನ ಮೂರು ಹುಡುಗರೂ ಈರಣ್ಣಾರ ಕಡೆ ಮುಂಗಡ ಕೊಟ್ಟಾರಂತ. 'ಮಾಮಾ, ಇನ್ನ ನಿಮ್ಮ ಅಕ್ಕಾರು ನಮ್ಮ ಅಕ್ಕಾರು' ಅಂತ ಕುಣಿಲಿಕ್ಕತ್ತಿದ್ದ ಮಗ."

ಈರಣ್ಣ ಹೊರಗೆ ಗ್ಯಾಲರಿಯ ಕಡೆ ನೋಡಿದ.

ಕಾಶವ್ವನ ಕೈಯಲ್ಲಿ ಪಲ್ಯದ ಪಾತ್ರೆ ಇತ್ತು. ಉಣ್ಣುವವರ ಮುಂದೆ ನೀಡುವವಳು ಮುಖ ಕೆಡಿಸಬಾರದು, ಉಂಡ ಅನ್ನ ಅವರ ಮೈಗೆ ಹತ್ತುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು. ಒಂಬತ್ತು ವರ್ಷ ಅವಳು ಅದನ್ನು ಮೀರಿದವಳಲ್ಲ. ಚಂದ್ರಾಮನ ತಾಟಿಗೆ ಪಲ್ಯ ಹಾಕಿದಳು, ಪಕ್ಕದವನಿಗೆ ಹಾಕಿದಳು, ಕೊನೆಯವನ ತನಕ ಹೋಗಿ ತಿರುಗಿ ಬಂದಳು. ಚಂದ್ರಾಮನಿಗೆ ಏನೋ ಹೊಳೆಯಿತು. ಒಮ್ಮೆ ಅವಳ ಮುಖ, ಒಮ್ಮೆ ಈರಣ್ಣನ ಬೆನ್ನು ನೋಡಿದ. ಆಮೇಲೆ ತಲೆ ಬಗ್ಗಿಸಿ ಉಂಡ. ಎರಡನೆಯ ಪಂಗತಿ ಏಳುವಷ್ಟರಲ್ಲಿ ಎರಡೂ ಕಾಲು ಗಂಟೆ.

ಕೊನೆಯವನ ಚಪ್ಪಲಿ ಸದ್ದು ಮೆಟ್ಟಿಲಿಳಿದ ಮೇಲೆ ಅವಳು ಬಾಗಿಲು ಮುಂದೆ ಮಾಡಿದಳು.

"ಎಷ್ಟು ಇಸಗೊಂಡ್ರಿ?"

"ನಾಲ್ಕ ಮಂದಿ. ಐವತ್ತರಂಗ."

"ರೊಕ್ಕ ಎಲ್ಲಿ ಅದಾವು?"

"ಮನಿ ಮಾಲಕಗ ಡಿಪಾಜಿಟ್ ಕೊಟ್ಟೀನಿ." ಈರಣ್ಣ ಧ್ವನಿ ತಗ್ಗಿಸಿದ, ಗೋಡೆಯಾಚೆ ಭಾಗವ್ವ ಇದ್ದಳು. "ಹೇಳಬೇಕು ಅಂತನ ಇದ್ದೆ. ಮುನ್ನೂರ ನಲವತ್ತರಾಗ ಎಂಬತ್ತು ಬಾಡಿಗಿ ಕೊಟ್ಟು ಹೆಂಗ ನೀಗಸ್ಲಿ?"

"ಬಾಡಿಗಿ ಎಂಬತ್ತು ಯಾಕಾತು? ಪಡಸಾಲಿ ಸಲುವಾಗಿ. ಪಡಸಾಲಿ ಯಾಕ? ಮಂದಿ ಸಲುವಾಗಿ. ಮಂದಿ ಯಾಕ? ಬಾಡಿಗಿ ಸಲುವಾಗಿ. ಏನ ಲೆಕ್ಕರಿ ಇದು?"

"ನಾಲ್ಕ ಮಂದಿ ಅಷ್ಟ. ಹತ್ತೊಂಬತ್ತಲ್ಲ."

"ನಾಲ್ಕ ಮಂದಿಗೆ ಇಪ್ಪತ್ತು ತಾಟು ಯಾಕ ಒಯ್ಯಾಕತ್ತೀರಿ?"

ಈರಣ್ಣ ಲೆಕ್ಕದ ಹಾಳೆ ಮಡಚಿದ. "ಎರಡು ವರ್ಷ ತಡಿ. ಒಬ್ಬಾಕಿ ಹೆಣ್ಮಗಳನ್ನ ಕೈಕೆಳಗ ಇಟ್ಟುಕೊಳ್ಳೂಣು. ಆಮ್ಯಾಲ ಬಿಡಿಸ್ತೀನಿ," ಎಂದ.

"ಇಲ್ಲೂ ಎರಡು ವರ್ಷ ಅಂದಿದ್ರಿ. ಮಗಳ ಲಗ್ನ ಆಗೂತನಕ ಅಂದ್ರಿ. ಆಕಿದು ಬಾಣಂತನಾನೂ ಆತು."

"ನಾ ಏನ ಚೈನಿ ಮಾಡಾಕ ಇಸಗೊಂಡೇನೇನು?" ಈರಣ್ಣನ ಧ್ವನಿ ಈಗ ಏರಿತು. "ಒಂದ ಬೀಡಿ ಸೇದಾಂವಲ್ಲ, ಒಂದ ಸಿನಿಮಾ ನೋಡಾಂವಲ್ಲ. ರಾತ್ರಿ ಮಲಗಿದ್ರ ಕಣ್ಣ ಮುಂದ ಅಂಕಿನ ಕುಣೀತಾವು. ಹುಬ್ಬಳ್ಳಿಗೆ ಹೋಗಲಿಲ್ಲಂದ್ರ ಇಲ್ಲಿ ಕೆಲಸ ಇರತೈತಿ ಅನ್ನೂದು ಗ್ಯಾರಂಟಿ ಇಲ್ಲ. ಹೋದ್ರ ನಿಂದು ಗಳಿಕಿಲ್ಲ. ನೀನ ಹೇಳು."

ನಿಂದು ಗಳಿಕೆ ಎಂದು ಅವನು ಅಂದದ್ದು ಇದೇ ಮೊದಲು. ಇಷ್ಟು ವರ್ಷ ಅವನ ಬಾಯಲ್ಲಿ ಅದು ನಾಲ್ಕು ಮಂದಿಗೆ ನೀಡುವುದು, ಕೈಗೆ ಕೆಲಸ, ಪುಣ್ಯ ಇತ್ಯಾದಿ ಆಗಿತ್ತು. ಕಾಶವ್ವ ಅದನ್ನು ಗಮನಿಸಿದಳು. ಒಲೆಯ ಮುಂದೆ ಕೂತು ತಣ್ಣಗಾದ ರೊಟ್ಟಿ ಮುರಿದಳು.

ನಾಲ್ಕಕ್ಕೆ ಮೆಹ್ತಾಜಿ ಬಂದ. ಚಾಳಿನ ಮಾಲಕನ ಪರವಾಗಿ ಬಾಡಿಗೆ ವಸೂಲು ಮಾಡುವವನು ಅವನೇ. ಖೋಲಿ ಬಿಟ್ಟುಕೊಡುವವರಿಗೆ ಹೊಸಬರು ಪಗಡಿ ಕೊಡುವುದು ಚಾಳಿನ ರೂಢಿ. ಈ ಖೋಲಿಗೆ ಆರು ಸಾವಿರಕ್ಕೆ ಮಾತಾಗಿತ್ತು; ಮೂರರಲ್ಲಿ ಒಂದು ಪಾಲು ಮಾಲಕನಿಗೆ, ಉಳಿದದ್ದು ಇವರಿಗೆ. ಖೋಲಿಯನ್ನು ಹಿಡಿದವನು ಕಾಶವ್ವನ ತಂದೆ ದಾನಪ್ಪ. ಅವನು ಸತ್ತ ಮೇಲೆ ಬಾಡಿಗೆ ಪಾವತಿ ಅವಳ ಹೆಸರಿಗೆ ಬಂದಿತ್ತು. ಹೀಗಾಗಿ ಸಹಿ ಅವಳದೇ ಬೇಕು.

ಮೆಹ್ತಾಜಿ ಮಂಚದ ತುದಿಯಲ್ಲಿ ಕೂತು ಕಾಗದ ಬಿಡಿಸಿದ, ಪೆನ್ನಿನ ಟೋಪಿ ತೆಗೆದು ಅವಳ ಕಡೆ ಚಾಚಿದ.

"ಇಧರ್ ಸಹಿ ಕರೋ, ಬಾಯಿ. ಶನಿವಾರ್ ಕೋ ಪೈಸಾ."

"ಆಜ್ ನಹೀ, ಮೆಹ್ತಾಜಿ."

ಈರಣ್ಣ ಎದ್ದು ನಿಂತ. "ಏ, ಹುಚ್ಚು ಹಿಡೀತೇನು? ಲಾರಿಯಾಂವಗ ಮುಂಗಡ ಕೊಟ್ಟಾಗೇತಿ."

"ಮನಿ ನಾ ನೋಡಿಲ್ಲ. ನೋಡಿ ಬಂದು ಸಹಿ ಮಾಡ್ತೀನಿ."

"ಪಾರ್ಟಿ ರುಕೇಗಾ ನಹೀ," ಎಂದ ಮೆಹ್ತಾಜಿ. "ಬಾಜೂ ಕೀ ಬಿಲ್ಡಿಂಗ್ ಮೇ ಖೋಲಿ ಖಾಲಿ ಹೈ."

"ಶುಕ್ರವಾರ್ ತಕ್," ಎಂದಳು ಕಾಶವ್ವ.

ಮೆಹ್ತಾಜಿ ಗಂಡನ ಮುಖ ನೋಡಿದ. ಗಂಡ ಗೋಡೆ ನೋಡುತ್ತಿದ್ದ. ಮೆಹ್ತಾಜಿ ಪೆನ್ನಿಗೆ ಟೋಪಿ ಹಾಕಿ, ಕಾಗದ ಮಡಚಿದ. "ಶುಕ್ರವಾರ್ ಗ್ಯಾರಾ ಬಜೇ. ಬಾದ್ ಮೇ ಮೈ ನಹೀ ಆಯೇಗಾ," ಎಂದು ಹೇಳಿ ಹೋದ.

"ಖೋಲಿ ಹಿಡಿಯೋ ಪಾರ್ಟಿ ಕೈ ಬಿಟ್ರ?" ಎಂದ ಈರಣ್ಣ.

"ಬಿಟ್ರ ಬಿಡ್ತಾರ."

"ನೀ ಹ್ವಾದ್ರ ಇಲ್ಲಿ ಹತ್ತೊಂಬತ್ತು ಮಂದಿಗೆ ನೀಡೋರು ಯಾರು? ತಿಂಗಳ ಮುಗದಿಲ್ಲ ಇನ್ನಾ."

"ಮುಂಗಡ ಇಸಗೊಳ್ಳಾಕ ಬರತೈತಲ್ಲ ನಿಮಗ. ನೀಡಾಕೂ ಬರತೈತಿ," ಎಂದಳು ಕಾಶವ್ವ.

ಸೋಮವಾರ ರಾತ್ರಿ ಅವಳು ದಾದರಿನಲ್ಲಿ ಒಬ್ಬಳೇ ಗಾಡಿ ಹತ್ತಿದಳು. ಮಿರಜಿನಲ್ಲಿ ಗಾಡಿ ಬದಲಿಸಬೇಕು ಎಂಬುದನ್ನು ಈರಣ್ಣ ಕಿಟಕಿಯ ಹೊರಗೆ ನಿಂತು ಎರಡು ಸಲ ಹೇಳಿದ. ಮೂರು ದಿನ ಅವನು ರಜೆ ಹಾಕಿದ. ರೊಟ್ಟಿ ಭಾಗವ್ವ ಬಡಿದಳು. ಸಾರು, ನೀಡುವುದು, ತಾಟು ತೊಳೆಯುವುದು ಅವನ ಪಾಲಿಗೆ ಬಂತು. ಬುಧವಾರ ಜೋಳ ತರಲು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಎರಡು ತಾಸಿನ ಮೇಲೆ ಬರಿಗೈಯಲ್ಲಿ ಮರಳಿದ. ಆ ರಾತ್ರಿ ಎರಡನೆಯ ಪಂಗತಿಗೆ ರೊಟ್ಟಿ ಸಾಲಲಿಲ್ಲ. ಚಂದ್ರಾಮ ತನ್ನ ತಾಟಿನಲ್ಲಿದ್ದ ಒಂದನ್ನು ಮುರಿದು ಪಕ್ಕದವನಿಗೆ ಕೊಟ್ಟ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಕಾಶವ್ವ ಮರಳಿದಳು. ಚೀಲ ಇಳಿಸಿ, ಕಾಲು ತೊಳೆದು, ಭಾಗವ್ವ ತಂದ ಚಹಾ ಕುಡಿದಳು. ಈರಣ್ಣ ಅವಳ ಎದುರಿಗೆ ಬಂದು ಕೂತ.

"ನಿಂಗಣ್ಣಂದು, ಉಳಿದ ಮೂವರದು ರೊಕ್ಕ ತಿರುಗಿ ಕೊಟ್ಟು ಬಂದೀನಿ," ಎಂದಳು. "ನನ್ನ ಕಡೆ ಇದ್ದ ರೊಕ್ಕದಾಗ ಕೊಟ್ಟೆ. ಆ ಮನಿ ಮಾಲಕ ಡಿಪಾಜಿಟ್‌ದಾಗ ಅರ್ಧ ಮುರಕೊಂಡ. ಮನಿ ಬ್ಯಾರೆ ಹಿಡದೀನಿ. ಬಾಡಿಗಿ ಮೂವತ್ತೈದು."

"ಎಷ್ಟ ದೊಡ್ಡದೈತಿ?"

"ಇಬ್ರು ಕೂತು ಉಣ್ಣಬಹುದು."

ಈರಣ್ಣ ಕೆಳಗೆ ನೋಡಿದ. ಬೆರಳ ಸಂದಿಯಲ್ಲಿ ತಾಟು ತಿಕ್ಕಿದ ಬೂದಿ ಉಳಿದಿತ್ತು. ಅದನ್ನು ಧೋತರಕ್ಕೆ ಒರೆಸಿಕೊಂಡ.

ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಮೆಹ್ತಾಜಿ ಬಂದ. ಕಾಶವ್ವ ಎಡಗೈಯಿಂದ ಕಾಗದ ಒತ್ತಿಹಿಡಿದು ಸಹಿ ಮಾಡಿದಳು.